ಯಾರು ಓದಲೆಂದು ಕೊರೆದ ಕಲ್ಲು? ಜಪಾನಿನ ಕೋಯಾಸಾನ್ ಗುಡಿಯೂರಿನ ಶಾಸನಗಳು

ಐದೇ ಐದು ಅಕ್ಷರ. ಮೇಲಿನಿಂದ ಕೆಳಕ್ಕೆ ಓದಿದರೆ ಖ, ಹ, ರ, ವ, ಅ. ಜಪಾನಿನ ವಾಕಾಯಾಮ ಪ್ರಾಂತ್ಯದ ಬೆಟ್ಟದ ಮೇಲಿರುವ ಕೋಯಾಸಾನ್ ಎಂಬ ಸಣ್ಣ ಗುಡಿಯೂರಿನಲ್ಲಿ ಈ ಐದಕ್ಷರಗಳನ್ನು ಕೊರೆದ ಕಲ್ಲುಗಳನ್ನು ಎಣಿಸಲು ಹೊರಟರೆ ಅದು ಮುಗಿಯುವ ಕೆಲಸವಲ್ಲ. ದಾರಿಯ ಎರಡೂ ಬದಿ, ಮರದ ಬುಡದಲ್ಲಿ, ಪಾಚಿಯ ಅಡಿಯಲ್ಲಿ, ಒಂದರ ಹಿಂದೆ ಒಂದು ನಿಂತಿವೆ. ಈ ಲಿಪಿ ಜಪಾನಿನದಲ್ಲ, ಚೀನಾದ್ದೂ ಅಲ್ಲ. ನಮ್ಮ ಬ್ರಾಹ್ಮಿಯ ಸಂತಾನಕ್ಕೆ ಸೇರಿದ್ದು. ಆದರೆ ಅಲ್ಲಿಗೆ ಬರುವ ಯಾತ್ರಿಕರಲ್ಲಿ ಬಹುತೇಕರಿಗೆ ಇದನ್ನು ಓದಲು ಬರುವುದಿಲ್ಲ. ಕಲ್ಲು ನಿಲ್ಲಿಸಿದ ಕಾಲದಲ್ಲೂ ಬರುತ್ತಿರಲಿಲ್ಲ.

ಶಾಸನ ಓದುವ ನಮಗೆ ಇದು ವಿಚಿತ್ರ ಅನ್ನಿಸಬೇಕು. ನಮ್ಮ ದಾನಶಾಸನ ಯಾರಿಗಾಗಿ ಅನ್ನೋದರಲ್ಲಿ ಅನುಮಾನವೇ ಇಲ್ಲ. ಊರಿನವರು ತಿಳಿಯಲಿ, ಮುಂದೆ ಬರುವ ಅರಸರು ದತ್ತಿಯನ್ನು ನಡೆಸಲಿ, ಅಳಿಪಿದವನು ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪಕ್ಕೆ ಹೋಗಲಿ ಎಂದು ಕಲ್ಲೇ ಬಾಯಿಬಿಟ್ಟು ಹೇಳುತ್ತದೆ. ಹಾಗಾದರೆ ಓದಲು ಬಾರದವರ ನಡುವೆ, ಓದಲು ಬಾರದ ಲಿಪಿಯಲ್ಲಿ, ಇಷ್ಟು ಕಲ್ಲುಗಳನ್ನು ಏಕೆ ಕೊರೆದರು? ಕೋಯಾಸಾನಿನ ಶಾಸನಗಳ ಮುಂದೆ ಏಳಬೇಕಾದ ಮೊದಲ ಪ್ರಶ್ನೆ ಇದೇ ಎಂದು ನನ್ನ ಎಣಿಕೆ. ಏನು ಬರೆದಿದೆ ಎಂಬುದಕ್ಕಿಂತ ಮೊದಲು, ಯಾರು ಓದಲೆಂದು ಬರೆದಿದೆ?

ಊರು

ಒಸಾಕಾದ ನಂಬಾ ನಿಲ್ದಾಣದಿಂದ ದಕ್ಷಿಣಕ್ಕೆ ಹೋಗುವ ರೈಲಿನ ಕೊನೆಯ ನಿಲ್ದಾಣ ಗೊಕುರಾಕುಬಾಶಿ. ಅಂದರೆ ಸುಖಾವತಿಗೆ ಹೋಗುವ ಸೇತುವೆ. ಅಲ್ಲಿಂದ ಕಡಿದಾದ ಬೆಟ್ಟ ಹತ್ತುವ ಕೇಬಲ್ ಕಾರಿನಲ್ಲಿ ಐದು ನಿಮಿಷ. ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದಲ್ಲಿ, ಸುತ್ತ ಶಿಖರಗಳಿರುವ ಒಂದು ಬಟ್ಟಲಿನಂಥ ಬಯಲಲ್ಲಿ ಊರಿದೆ. ಆ ಶಿಖರಗಳನ್ನು ಎಂಟೆಸಳಿನ ತಾವರೆ ಎಂದು ಅಲ್ಲಿಯವರು ಭಾವಿಸುತ್ತಾರೆ. ಕೋಯಾ ಪಟ್ಟಣದ ಜನಸಂಖ್ಯೆ ಸುಮಾರು 3 ಸಾವಿರ. ಅಷ್ಟು ಸಣ್ಣ ಊರಿನಲ್ಲಿ 117 ದೇವಾಲಯಗಳು. ಅವುಗಳಲ್ಲಿ ಐವತ್ತರಷ್ಟು ಗುಡಿಗಳು ಯಾತ್ರಿಕರಿಗೆ ಊಟ ಹಾಕಿ ತಂಗಲು ಜಾಗ ಕೊಡುತ್ತವೆ. ಅಂಚೆ ಕಚೇರಿ, ಶಾಲೆ, 1886ರಲ್ಲಿ ಶುರುವಾದ ವಿಶ್ವವಿದ್ಯಾಲಯ, ಎಳ್ಳಿನ ತೋಫು ಮಾರುವ ಅಂಗಡಿಗಳು, ಎಲ್ಲವೂ ಗುಡಿಗಳ ನಡುವೆಯೇ. ಸಮಾಧಿಗೆ ಹೂವಿನ ಬದಲು ಕೋಯಾಮಾಕಿ ಎಂಬ ಮರದ ಹಸಿರು ರೆಂಬೆಯನ್ನು ಇಡುತ್ತಾರೆ. ಆ ಮರಕ್ಕೆ ಈ ಊರಿನದೇ ಹೆಸರು. 2004ರಲ್ಲಿ ಯುನೆಸ್ಕೋ ಕಿಯಿ ಪರ್ವತಶ್ರೇಣಿಯ ಪವಿತ್ರ ಸ್ಥಳಗಳನ್ನೂ ಯಾತ್ರಾಮಾರ್ಗಗಳನ್ನೂ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಕೋಯಾಸಾನ್ ಅದರಲ್ಲಿತ್ತು.

ಊರಿನ ಹುಟ್ಟು 816ರಲ್ಲಿ. ಸಾಗಾ ಚಕ್ರವರ್ತಿಯಿಂದ ಈ ಬೆಟ್ಟವನ್ನು ಪಡೆದವರು ಕೂಕಾಯ್ (774–835) ಎಂಬ ಭಿಕ್ಷು. ಜಪಾನಿನಲ್ಲಿ ಶಿಂಗೊನ್ ಪಂಥದ ಸ್ಥಾಪಕರು. ಶಿಂಗೊನ್ ಎಂದರೆ ಸತ್ಯವಾಕ್ಯ, ಅದು 'ಮಂತ್ರ' ಎಂಬ ನಮ್ಮ ಪದಕ್ಕೆ ಚೀನೀಯರು ಮಾಡಿಕೊಂಡ ಅನುವಾದ. ಈ ಊರಿನಲ್ಲಿ ಕಿವಿಗೊಟ್ಟು ನಡೆದರೆ ಇಂಥ ಪದಗಳು ಹೆಜ್ಜೆಹೆಜ್ಜೆಗೂ ಸಿಗುತ್ತವೆ. ಬೆಂಕಿಗೆ ಆಹುತಿ ಕೊಡುವ ವಿಧಿ 'ಗೋಮ', ಅದು ನಮ್ಮ ಹೋಮವೇ. ಊರ ಮಧ್ಯದ ಮುಖ್ಯ ಗುಡಿಗಳ ಅಂಗಳ 'ದಾನ್‌ಜೋ ಗಾರಾನ್', ಅದರಲ್ಲಿರುವ ಗಾರಾನ್ ಸಂಘಾರಾಮದಿಂದ ಸವೆದು ಬಂದದ್ದು. ಸತ್ತವರಿಗಾಗಿ ನಿಲ್ಲಿಸುವ ಮರದ ಹಲಗೆ 'ಸೊತೊಬ', ಅಂದರೆ ಸ್ತೂಪ.

ಮರದಿಂದ ಕಟ್ಟಿದ ಊರು, ಮತ್ತೆ ಮತ್ತೆ ಬೆಂಕಿಗೆ ಬಿದ್ದಿದೆ. 994ರಲ್ಲಿ ಸಿಡಿಲು ಬಡಿದು ಸುಟ್ಟಿತು, 1521ರಲ್ಲಿ ದೊಡ್ಡ ಬೆಂಕಿ. ಈಗ ಕಾಣುವ ಕೆಂಪು ಬಣ್ಣದ ಮಹಾಗೋಪುರ, ಕೊಂಪೊನ್ ದಾಯ್ತೊ, 1937ರಲ್ಲಿ ಕಟ್ಟಿದ್ದು. ಹೀಗಾಗಿ ಇಲ್ಲಿ ಹೆಚ್ಚಿನ ಕಟ್ಟಡಗಳು ಹೊಸವು, ಕಲ್ಲುಗಳು ಹಳೆಯವು.

ಲಿಪಿ ಬಂದ ದಾರಿ

ಆ ಐದಕ್ಷರಗಳ ಲಿಪಿಗೆ ಜಪಾನಿನಲ್ಲಿ 'ಶಿತ್ತಾನ್' ಎಂದು ಹೆಸರು. ನಮ್ಮ ಮಾತಿನಲ್ಲಿ ಸಿದ್ಧಂ. ಬ್ರಾಹ್ಮಿಯ ಉತ್ತರದ ಕವಲಿನಲ್ಲಿ ಗುಪ್ತಲಿಪಿಯ ನಂತರ ಬೆಳೆದ ಸಿದ್ಧಮಾತೃಕಾ ಲಿಪಿಯೇ ಇದು. ಮಕ್ಕಳಿಗೆ ಅಕ್ಷರ ಕಲಿಸುವಾಗ ಮೊದಲು 'ಸಿದ್ಧಂ' ಎಂದು ಬರೆಸುತ್ತಿದ್ದರು, ಆ ಪದವೇ ಲಿಪಿಯ ಹೆಸರಾಯಿತು. ಕನ್ನಡ ನಾಡಿನ ಶಾಸನಾಸಕ್ತರಿಗೆ ಈ ಪದವನ್ನು ಪರಿಚಯಿಸಬೇಕಿಲ್ಲ. ಶಿವಮೊಗ್ಗ ಜಿಲ್ಲೆಯ ತಾಳಗುಂದದಲ್ಲಿರುವ 5ನೇ ಶತಮಾನದ ಕದಂಬರ ಸ್ತಂಭಶಾಸನ ಶುರುವಾಗುವುದೇ ಸಿದ್ಧಂ ಎಂದು. ಹಳ್ಳಿಯ ಐಗಳ ಮಠದಲ್ಲಿ ಮರಳಿನ ಮೇಲೆ ತಿದ್ದಿಸುತ್ತಿದ್ದ ಓನಾಮದಲ್ಲೂ 'ಸಿದ್ಧಂ ನಮಃ' ಇತ್ತು. ತಾಳಗುಂದದ ಲಿಪಿ ಬ್ರಾಹ್ಮಿಯ ದಕ್ಷಿಣದ ಕವಲು, ಕೋಯಾಸಾನಿನದು ಉತ್ತರದ ಕವಲು. ಅಣ್ಣತಮ್ಮಂದಿರ ಮಕ್ಕಳು ಅನ್ನಬಹುದು.

ಇದು ಬೆಟ್ಟ ಹತ್ತಿದ್ದು ಹೇಗೆ? ಕೂಕಾಯ್ 804ರಲ್ಲಿ ಹಡಗು ಹತ್ತಿ ತಾಂಗ್ ಚೀನಾಕ್ಕೆ ಹೋದರು. ರಾಜಧಾನಿ ಚಾಂಗಾನಿನ (ಇಂದಿನ ಷಿಯಾನ್) ಚಿಂಗ್‌ಲಾಂಗ್ ವಿಹಾರದಲ್ಲಿ ಹುಯಿಗುವೋ ಎಂಬ ಆಚಾರ್ಯರಿಂದ ಮಂತ್ರದೀಕ್ಷೆ ಪಡೆದರು. ಆದರೆ ಮಂತ್ರ ಕಲಿಯಬೇಕಾದರೆ ಅಕ್ಷರ ಬರಬೇಕಲ್ಲ! ಅದಕ್ಕಾಗಿ ಸಂಸ್ಕೃತ ಕಲಿತದ್ದು ಆಗ ಅದೇ ಊರಿನಲ್ಲಿದ್ದ ಭಾರತದ ಕಡೆಯ ಭಿಕ್ಷುಗಳ ಬಳಿ. ಅವರಲ್ಲಿ ಮುಖ್ಯರು ವಾಯವ್ಯ ಭಾರತದ ಕಡೆಯಿಂದ ಬಂದಿದ್ದ ಪ್ರಜ್ಞ. ತಾವು ಚೀನೀ ಭಾಷೆಗೆ ತಂದಿದ್ದ ಸೂತ್ರಗಳನ್ನೂ ಅವರು ಈ ಜಪಾನೀ ಶಿಷ್ಯನ ಕೈಗೆ ಕೊಟ್ಟರು. 806ರಲ್ಲಿ ಮರಳಿದ ಕೂಕಾಯ್ ಚಕ್ರವರ್ತಿಗೆ ಒಪ್ಪಿಸಿದ ಪಟ್ಟಿ ಇಂದಿಗೂ ಇದೆ. ಅದರಲ್ಲಿ ಸಂಸ್ಕೃತ ಅಕ್ಷರದ ಮಂತ್ರ, ಸ್ತೋತ್ರಗಳೇ 42 ಕೃತಿ, 44 ಸುರುಳಿ. ಮುಂದೆ ಸಿದ್ಧಂ ಅಕ್ಷರಮಾಲೆಯನ್ನು ವಿವರಿಸುವ ಒಂದು ಪುಸ್ತಕವನ್ನೂ ಅವರೇ ಬರೆದರು.

ಈ ಅಕ್ಷರಾಭ್ಯಾಸದ ಗುರುತು ಇವತ್ತು ಜಪಾನಿನ ಪ್ರತಿ ಮಗುವಿನ ಬಾಯಲ್ಲೂ ಇದೆ. ಜಪಾನೀ ಕಾನಾ ಅಕ್ಷರಗಳನ್ನು ಹೇಳುವ ಕ್ರಮ ನೋಡಿ. ಸ್ವರ: ಅ, ಇ, ಉ, ಎ, ಒ. ಸಾಲುಗಳು: ಅ, ಕ, ಸ, ತ, ನ, ಹ, ಮ, ಯ, ರ, ವ. ಕವರ್ಗದ ನಂತರ ಚವರ್ಗದ ಜಾಗದಲ್ಲಿ ಸ, ಆಮೇಲೆ ತವರ್ಗದ ತ ಮತ್ತು ನ, ಪವರ್ಗದ ಜಾಗದಲ್ಲಿ ಹ (ಹಿಂದೆ ಅದರ ಉಚ್ಚಾರ ಪ ಇತ್ತು) ಮತ್ತು ಮ, ಕೊನೆಗೆ ಯ, ರ, ವ. ನಮ್ಮ ವರ್ಣಮಾಲೆಯದೇ ಕ್ರಮ. ಸಿದ್ಧಂ ಓದಿದ ಭಿಕ್ಷುಗಳ ಮೂಲಕ ಅದು ಆ ಭಾಷೆಗೆ ಇಳಿಯಿತು.

ಭಾರತದಲ್ಲಿ ಸಿದ್ಧಮಾತೃಕೆಯನ್ನು ನಾಗರಿ ಮೊದಲಾದ ಲಿಪಿಗಳು ಬದಿಗೆ ಸರಿಸಿದವು. ಜಪಾನಿನಲ್ಲಿ ಉಳಿಯಿತು. ಉಳಿದದ್ದು ವ್ಯವಹಾರಕ್ಕಲ್ಲ. ಒಂದೊಂದು ಅಕ್ಷರ ಒಂದೊಂದು ದೇವತೆ, ಬೀಜಾಕ್ಷರ, ಎಂಬ ನಂಬಿಕೆಯಿಂದ. ಅಕ್ಷರವು ದೇವತೆಯ ಹೆಸರಲ್ಲ, ದೇವತೆಯೇ. ಮೂರ್ತಿಯನ್ನು ಯಾರಾದರೂ 'ಓದು'ತ್ತಾರೆಯೇ? ಮುಂದೆ ನಿಂತು ಕೈ ಮುಗಿಯುತ್ತಾರೆ, ಅಷ್ಟೇ. ನಮ್ಮ ಮೊದಲ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿದೆ.

ಐದು ಕಲ್ಲು, ಐದು ಭೂತ

ಗೊರಿಂತೊ ಎಂಬುದು ಈ ಊರಿನ ಸಾಮಾನ್ಯ ಸ್ಮಾರಕ. ಐದು ಕಲ್ಲುಗಳನ್ನು ಒಂದರ ಮೇಲೊಂದು ಇಟ್ಟದ್ದು. ಕೆಳಗೆ ಚೌಕ, ಅದು ಪೃಥ್ವಿ. ಅದರ ಮೇಲೆ ಗುಂಡು, ಅದು ಜಲ. ಮೇಲೆ ಇಳಿಜಾರು ಚಾವಣಿಯಂಥದ್ದು, ಅಗ್ನಿ. ಅದರ ಮೇಲೆ ಅರ್ಧಚಂದ್ರ, ವಾಯು. ತುದಿಯಲ್ಲಿ ಮೊನೆಯುಳ್ಳ ಮಣಿ, ಆಕಾಶ. ಕೆಳಗಿನಿಂದ ಅ, ವ, ರ, ಹ, ಖ. ಸತ್ತವರ ದೇಹ ಪಂಚಭೂತಗಳಲ್ಲಿ ಸೇರಿತು ಎಂದು ನಾವು ಬಾಯಿಮಾತಿಗೆ ಹೇಳುವುದನ್ನು ಇಲ್ಲಿ ಕಲ್ಲಲ್ಲಿ ಕಟ್ಟಿದ್ದಾರೆ. ಅಲ್ಲಿಯ ಬಾಯಲ್ಲಿ ಈ ಐದಕ್ಷರ 'ಕ್ಯ, ಕ, ರ, ಬ, ಅ' ಆಗಿದೆ. ಧ್ವನಿ ಸವೆದಿದೆ, ಅಕ್ಷರದ ರೂಪ ಸವೆದಿಲ್ಲ.

ಶಾಸನ ನೋಡುವವರಿಗೆ ಉಪಯೋಗಕ್ಕೆ ಬರುವ ಒಂದು ಮಾತು. ಕೆಲವು ಗೊರಿಂತೊಗಳ ನಾಲ್ಕೂ ಮುಖಗಳಲ್ಲಿ ಅಕ್ಷರಗಳಿರುತ್ತವೆ. ಪೂರ್ವಕ್ಕೆ ಖ ಹ ರ ವ ಅ. ದಕ್ಷಿಣಕ್ಕೆ ಖಾ ಹಾ ರಾ ವಾ ಆ. ಪಶ್ಚಿಮಕ್ಕೆ ಖಂ ಹಂ ರಂ ವಂ ಅಂ. ಉತ್ತರಕ್ಕೆ ಖಃ ಹಃ ರಃ ವಃ ಅಃ. ನಮ್ಮ ಕಾಗುಣಿತವೇ ದಿಕ್ಕು ತೋರಿಸುತ್ತಿದೆ! ಬೋಧಿಚಿತ್ತ ಹುಟ್ಟುವುದು, ಸಾಧನೆ, ಬೋಧಿ, ನಿರ್ವಾಣ ಎಂಬ ನಾಲ್ಕು ಹಂತಗಳಿಗೆ ಈ ನಾಲ್ಕು ರೂಪ. ಹಾಗಾಗಿ ಅಂ ಕಾರದ ಮುಖ ಉತ್ತರಕ್ಕೆ ತಿರುಗಿದ್ದರೆ ಆ ಕಲ್ಲನ್ನು ಯಾರೋ ಯಾವಾಗಲೋ ಎತ್ತಿ ಮತ್ತೆ ನಿಲ್ಲಿಸಿದ್ದಾರೆಂದು ಅನುಮಾನಿಸಬಹುದು. ಸತ್ತವರ ಹೆಸರು, ತಿಥಿ, ನಿಲ್ಲಿಸಿದವರ ಹೆಸರು ಬರುವುದು ಸಾಮಾನ್ಯವಾಗಿ ಕೆಳಗಿನ ಪೃಥ್ವಿಯ ಕಲ್ಲಿನ ಮೇಲೆ, ಚೀನೀ ಅಕ್ಷರಗಳಲ್ಲಿ. ಮೇಲಿನ ನಾಲ್ಕು ಕಲ್ಲು ಉರುಳಿ ಹೋದರೆ ದೇವತೆ ಹೋಗುತ್ತದೆ, ಹೆಸರು ಉಳಿಯುತ್ತದೆ. ಬುಡ ಮಣ್ಣಲ್ಲಿ ಹೂತರೆ ಇದು ತಿರುವುಮುರುವು.

ದಾರಿಯೇ ಮಂಡಲ

ಕೋಯಾಸಾನಿನ ಶಾಸನಗಳಲ್ಲಿ ಕಾಲ, ದಾನಿ, ಉದ್ದೇಶ ಮೂರೂ ಅಚ್ಚುಕಟ್ಟಾಗಿ ಸಿಗುವುದು 'ಚೋಯಿಶಿ' ಎಂಬ ಮಾರ್ಗಶಿಲೆಗಳಲ್ಲಿ. ಚೋ ಒಂದು ಅಳತೆ, ಸುಮಾರು 109 ಮೀಟರ್. ಬೆಟ್ಟದ ಬುಡದ ಜಿಸೊನ್‌ಇನ್ ಗುಡಿಯಿಂದ ಮೇಲಿನ ದಾನ್‌ಜೋ ಗಾರಾನ್‌ವರೆಗೆ 180 ಕಲ್ಲು. ಅಲ್ಲಿಂದ ಕೂಕಾಯ್ ಸಮಾಧಿಯಿರುವ ಒಕುನೊಇನ್‌ವರೆಗೆ 36 ಕಲ್ಲು. ಒಟ್ಟು 216. ಹಿಂದೆ ಇವು ಮರದ ಕಂಬಗಳಾಗಿದ್ದವು, ಮಳೆ ಹಿಮಕ್ಕೆ ಕೊಳೆಯುತ್ತಿದ್ದವು. 1265ರಲ್ಲಿ ಕಾಕುಕ್ಯೊ ಎಂಬ ಭಿಕ್ಷು ಕಲ್ಲಿನಲ್ಲೇ ಮಾಡಿಸೋಣ ಎಂದು ದಾನ ಕೇಳಲು ಹೊರಟರು. ಮುಗಿದದ್ದು 1285ರಲ್ಲಿ. ಇಪ್ಪತ್ತು ವರ್ಷ.

ಕಲ್ಲು ಗ್ರಾನೈಟ್, ಎತ್ತರ ಮೂರು ಮೀಟರಿನಷ್ಟು, ತುದಿಯಲ್ಲಿ ಗೊರಿಂತೊ ಆಕಾರ. ಮುಂಭಾಗದಲ್ಲಿ ದೊಡ್ಡದಾಗಿ ಒಂದು ಸಿದ್ಧಂ ಬೀಜಾಕ್ಷರ, ಕೆಳಗೆ ಎಷ್ಟನೇ ಚೋ ಎಂಬ ಸಂಖ್ಯೆ, ದಾನಿಯ ಹೆಸರು. ಸುಮ್ಮನೆ ಮೈಲಿಗಲ್ಲಾಗಿದ್ದರೆ ಸಂಖ್ಯೆ ಸಾಕಿತ್ತು. ಆದರೆ 180 ಬೀಜಾಕ್ಷರಗಳು ಗರ್ಭಧಾತು ಮಂಡಲದ ದೇವತೆಗಳು, 36 ಬೀಜಾಕ್ಷರಗಳು ವಜ್ರಧಾತು ಮಂಡಲದ ದೇವತೆಗಳು. ಬಟ್ಟೆಯ ಮೇಲೆ ಚಿತ್ರಿಸಿ ಗೋಡೆಗೆ ತೂಗುಹಾಕುವ ಮಂಡಲವನ್ನು ಬಿಚ್ಚಿ 20 ಕಿಲೋಮೀಟರಿಗೂ ಹೆಚ್ಚು ಉದ್ದಕ್ಕೆ ಹಾಸಿದ್ದಾರೆ. ನಡೆಯುವವನು ಮಂಡಲದ ಒಳಗೇ ನಡೆಯುತ್ತಾನೆ. 1313ರಲ್ಲಿ ನಿವೃತ್ತ ಚಕ್ರವರ್ತಿ ಗೋ-ಉದಾ ಈ ದಾರಿಯಲ್ಲಿ ಹತ್ತಿದಾಗ ಪ್ರತಿ ಕಲ್ಲಿನ ಮುಂದೆಯೂ ನಿಂತು ಪ್ರಾರ್ಥಿಸಿದರೆಂದು ಹೇಳುತ್ತಾರೆ. ಕಲ್ಲನ್ನು ಬಳಸಬೇಕಾದ ರೀತಿ ಅದೇ.

ದಾನಿಗಳಲ್ಲಿ ನಿವೃತ್ತ ಚಕ್ರವರ್ತಿ ಗೋ-ಸಾಗಾ ಇದ್ದಾರೆ, ಕಾಮಾಕುರ ಆಡಳಿತದ ಚುಕ್ಕಾಣಿ ಹಿಡಿದಿದ್ದ ಹೋಜೋ ತೊಕಿಮುನೆ ಇದ್ದಾನೆ. ಈ ಇಪ್ಪತ್ತು ವರ್ಷಗಳ ನಡುವೆಯೇ, 1274 ಮತ್ತು 1281ರಲ್ಲಿ, ಮಂಗೋಲರ ಹಡಗುಗಳು ಎರಡು ಸಲ ಜಪಾನಿನ ಮೇಲೆ ಬಂದವು ಎಂಬುದನ್ನು ನೆನಪಿಡಬೇಕು. ದೇಶವೇ ನಡುಗುತ್ತಿದ್ದಾಗ ಬೆಟ್ಟದ ದಾರಿಯಲ್ಲಿ ಒಂದೊಂದೇ ಕಲ್ಲು ಏಳುತ್ತಿತ್ತು.

ದಾನಿಗಳಲ್ಲಿ ಬಹುಮುಖ್ಯ ಅದಾಚಿ ಯಾಸುಮೊರಿ. ಕಾಮಾಕುರದ ಬಲಿಷ್ಠ ಮನೆತನದವನು, ಕೋಯಾಸಾನಿನ ದೊಡ್ಡ ಪೋಷಕ. 1285, ಕಲ್ಲುಗಳ ಕೆಲಸ ಮುಗಿದ ವರ್ಷ. ಅದೇ ವರ್ಷದ ಹನ್ನೊಂದನೇ ತಿಂಗಳಲ್ಲಿ ಶಿಮೊತ್ಸುಕಿ ಗಲಭೆ ಎಂದು ಇತಿಹಾಸ ಕರೆಯುವ ಅರಮನೆ ಕಲಹದಲ್ಲಿ ಯಾಸುಮೊರಿಯನ್ನೂ ಅವನ ಕುಲದವರನ್ನೂ ಕೊಂದು ಹಾಕಿದರು. ಅವನ ಹೆಸರಿನ ಕಲ್ಲುಗಳು ಮಾತ್ರ ದಾರಿಯಲ್ಲೇ ಉಳಿದವು. ಅಧಿಕಾರ ಹೋದವನ ಹೆಸರನ್ನು ಶಾಸನದಿಂದ ಕೆತ್ತಿ ತೆಗೆದ ಉದಾಹರಣೆಗಳು ಎಷ್ಟೋ ನಾಡುಗಳಲ್ಲಿವೆ. ಇಲ್ಲಿ ಅದಕ್ಕೆ ಕಾರಣವೇ ಇರಲಿಲ್ಲ ಎನ್ನಿಸುತ್ತದೆ. ಮೇಲೆ ಕೂತಿರುವುದು ದೇವತೆ, ಕೆಳಗಿನ ಹೆಸರು ಆ ದೇವತೆಯ ಪಾದದಲ್ಲಿ ಇಟ್ಟದ್ದು. ಅದು ದಾರಿಹೋಕರಿಗೆ ಕಂಡ ಬಿರುದಾವಳಿಯಲ್ಲ.

ಕಾಯುತ್ತಿರುವವರ ಊರು

ಉಳಿದ ಅರ್ಧ ಉತ್ತರ ಒಕುನೊಇನ್‌ನಲ್ಲಿದೆ. ಇಚಿನೊಹಾಶಿ ಎಂಬ ಮೊದಲ ಸೇತುವೆಯಿಂದ ಕೂಕಾಯ್ ಸಮಾಧಿಯವರೆಗೆ ಎರಡು ಕಿಲೋಮೀಟರ್. ಎತ್ತರದ ಮರಗಳ ಕೆಳಗೆ ಎರಡು ಲಕ್ಷಕ್ಕೂ ಹೆಚ್ಚು ಸ್ಮಾರಕಗಳು. ಶಿಂಗೊನ್ ಭಕ್ತರ ಪ್ರಕಾರ ಕೂಕಾಯ್ 835ರಲ್ಲಿ ಸಾಯಲಿಲ್ಲ, ಸಮಾಧಿಸ್ಥಿತಿಗೆ ಹೋದರು. 567 ಕೋಟಿ ವರ್ಷಗಳ ನಂತರ ಮೈತ್ರೇಯ ಬುದ್ಧ ಬರುವಾಗ ಏಳುತ್ತಾರೆ. ಅವರಿಗೆ ಇಂದಿಗೂ ದಿನಕ್ಕೆ ಎರಡು ಹೊತ್ತು ಎಡೆ ಒಯ್ಯುತ್ತಾರೆ. ಅವರು ಎದ್ದಾಗ ಹತ್ತಿರದಲ್ಲಿರಬೇಕು ಎಂಬ ಆಸೆಯಿಂದಲೇ ಇಷ್ಟೊಂದು ಜನ ತಮ್ಮವರ ಮೂಳೆಯ ಒಂದು ತುಣುಕನ್ನೋ ಕೂದಲನ್ನೋ ತಂದು ಇಲ್ಲಿಟ್ಟು ಕಲ್ಲು ನಿಲ್ಲಿಸಿದ್ದು. ಊರೂರು ತಿರುಗುತ್ತಿದ್ದ 'ಕೋಯಾ ಹಿಜಿರಿ' ಎಂಬ ಭಿಕ್ಷುಗಳು ಈ ಪದ್ಧತಿಯನ್ನು ದೇಶಕ್ಕೆಲ್ಲ ಹರಡಿದರು.

ಅಂದರೆ ಈ ಕಲ್ಲುಗಳ ಓದುಗ ಇನ್ನೂ ಬಂದಿಲ್ಲ. ಅವನು ಬರುವುದು 567 ಕೋಟಿ ವರ್ಷಗಳ ಆಚೆ. ನಾನು ಆ ದಾರಿಯಲ್ಲಿ ನಡೆದಾಗ ಈ ಲೆಕ್ಕವನ್ನು ಮನಸ್ಸಿನಲ್ಲಿಟ್ಟುಕೊಂಡೇ ನಡೆದೆ. ಆಗ ಕೆಲವು ಸಂಗತಿ ಬೇರೆಯಾಗಿ ಕಂಡವು. ಜೀವಮಾನವೆಲ್ಲ ಕಾದಾಡಿದ ತಾಕೆದಾ ಶಿಂಗೆನ್ ಮತ್ತು ಉಎಸುಗಿ ಕೆನ್‌ಶಿನ್ ಇಲ್ಲಿ ದಾರಿಯ ಎರಡು ಬದಿಗೆ ಎದುರುಬದುರು ಇದ್ದಾರೆ. ಓದಾ ನೊಬುನಾಗನ ಸ್ಮಾರಕವೂ ಇದೆ, ಅವನಿಗೆ ದ್ರೋಹ ಬಗೆದು ಸಾವಿಗೆ ಕಾರಣನಾದ ಅಕೆಚಿ ಮಿತ್ಸುಹಿದೆಯ ಸ್ಮಾರಕವೂ ಇದೆ. ಜನರ ಕಣ್ಣಿಗೆ ಬರೆದದ್ದಾದರೆ ಇವರನ್ನು ಅಕ್ಕಪಕ್ಕ ಇಡುವುದು ಕಷ್ಟವಿತ್ತು.

ಇನ್ನೊಂದು ನೋಡಿ. ಇಡೀ ಒಕುನೊಇನ್‌ನಲ್ಲಿ ಅತಿ ದೊಡ್ಡ ಗೊರಿಂತೊ 6.6 ಮೀಟರ್ ಎತ್ತರದ್ದು, ಅದಕ್ಕೆ 'ಮೊದಲನೇ ಕಲ್ಲು' ಎಂದೇ ಹೆಸರು. ಅದು ಒಬ್ಬ ಹೆಣ್ಣುಮಗಳದು. ಎರಡನೇ ತೊಕುಗಾವಾ ಶೋಗನ್ ಹಿದೆತಾದನ ಹೆಂಡತಿ ಸೂಗೆನ್‌ಇನ್, 1626ರಲ್ಲಿ ತೀರಿಕೊಂಡವಳು. ಮಗ ತಾದಾನಾಗ ನಿಲ್ಲಿಸಿದ. ಆದರೆ ಆ ಕಾಲದಲ್ಲಿ ಈ ಬೆಟ್ಟಕ್ಕೆ ಹೆಂಗಸರಿಗೆ ಪ್ರವೇಶವೇ ಇರಲಿಲ್ಲ! ಊರ ಬಾಗಿಲುಗಳ ಹೊರಗಿನ 'ನ್ಯೋನಿನ್‌ದೋ' ಎಂಬ ಹೆಂಗಸರ ಮಂದಿರದಲ್ಲಿ ನಿಂತು ಕೈಮುಗಿದು ಹೋಗಬೇಕಿತ್ತು. ಕೂಕಾಯ್ ಅವರ ತಾಯಿಯೂ ಬೆಟ್ಟದ ಬುಡದ ಜಿಸೊನ್‌ಇನ್‌ನಲ್ಲೇ ಉಳಿದರೆಂದು ಐತಿಹ್ಯ. ಸರ್ಕಾರ ನಿಷೇಧ ತೆಗೆದದ್ದು 1872ರಲ್ಲಿ. ಬದುಕಿರುವ ಹೆಣ್ಣಿಗೆ ಇಲ್ಲದ ಜಾಗ ಸತ್ತ ಹೆಣ್ಣಿನ ಕಲ್ಲಿಗೆ ಇತ್ತು, ಅದೂ ಎಲ್ಲಕ್ಕಿಂತ ಎತ್ತರದ್ದು. ಇದನ್ನು ಉದಾರತೆ ಅನ್ನಬೇಕೋ ಬೇಡವೋ ನೀವೇ ಹೇಳಿ. ಮೊಮ್ಮಗಳನ್ನು ಕರೆದುಕೊಂಡು ಹೋಗಿ ಈ ಕಲ್ಲನ್ನು ತೋರಿಸಲು ಯಾವ ಅಜ್ಜಿಗೂ ಇನ್ನೂರೈವತ್ತು ವರ್ಷ ಸಾಧ್ಯವಿರಲಿಲ್ಲ ಎಂಬುದಂತೂ ನಿಜ.

ಇಬ್ಬರು ಓದುಗರ ಕಲ್ಲು

ಎಲ್ಲ ಕಲ್ಲುಗಳೂ ಹೀಗೆ ಮನುಷ್ಯರ ಕಡೆ ಬೆನ್ನು ಹಾಕಿ ನಿಂತಿಲ್ಲ. 1599ರ ಒಂದು ಶಾಸನವಿದೆ. ಕೊರಿಯಾ ಯುದ್ಧದಲ್ಲಿ ಸತ್ತ ಶತ್ರು ಮಿತ್ರ ಇಬ್ಬರಿಗೂ ನಿಲ್ಲಿಸಿದ್ದು ಎಂದು ಅದರ ಖ್ಯಾತಿ. ನಿಲ್ಲಿಸಿದವರು ಸಾತ್ಸುಮಾದ ಶಿಮಾಜು ಯೊಶಿಹಿರೊ ಮತ್ತು ಅವನ ಮಗ ತಾದಾತ್ಸುನೆ. ಕಾಲ ಖಚಿತ: ಕೇಯಿಚೊ ಶಕೆಯ 4ನೇ ವರ್ಷ, ಅರವತ್ತು ವರ್ಷಗಳ ಚಕ್ರದ ಹೆಸರನ್ನೂ ಜೊತೆಗೆ ಕೊಟ್ಟಿದ್ದಾರೆ, ಆರನೇ ತಿಂಗಳ ಮೊದಲ ಹತ್ತು ದಿನ. ನಮ್ಮಲ್ಲಿ ಶಕವರ್ಷದ ಜೊತೆ ಸಂವತ್ಸರದ ಹೆಸರು ಬರುತ್ತದಲ್ಲ, ಹಾಗೇ ಒಂದು ಇನ್ನೊಂದಕ್ಕೆ ಸಾಕ್ಷಿ.

ಪ್ರವಾಸಿಗರಿಗೆ ಈ ಕಲ್ಲನ್ನು ಕರುಣೆಯ ಕಲ್ಲು ಎಂದು ತೋರಿಸುತ್ತಾರೆ. ಮುಖ್ಯ ಸಾಲು ಹೇಳುವುದೂ ಅದನ್ನೇ, ಕೊರಿಯಾದ ಯುದ್ಧದಲ್ಲಿ ಸತ್ತ ಶತ್ರು ಮಿತ್ರ ಸೈನಿಕರೆಲ್ಲ ಬುದ್ಧಮಾರ್ಗಕ್ಕೆ ಸೇರಲಿ ಎಂದು. ಆದರೆ ಶಾಸನವನ್ನು ಒಂದೇ ಸಾಲಿಗೆ ಓದಿ ಬಿಡಬಾರದು. ಅಕ್ಕಪಕ್ಕದ ಸಾಲುಗಳಲ್ಲಿ ಲೆಕ್ಕವಿದೆ. ನಾಮ್‌ವೊನ್ ಕದನದಲ್ಲಿ ಮಿಂಗ್ ಸೈನಿಕರಲ್ಲಿ 420 ಜನರನ್ನು ನಮ್ಮ ಕೈಯವರು ಕೊಂದರು. ಸಾಚೊನ್ ಕದನದಲ್ಲಿ 80 ಸಾವಿರಕ್ಕೂ ಹೆಚ್ಚು ಮಿಂಗ್ ಜನರನ್ನು ನಾಶ ಮಾಡಿದೆವು. ನಮ್ಮ ಕಡೆ ಬಾಣ ಕತ್ತಿಗಳಿಗೆ ಸಿಕ್ಕಿ ಸತ್ತವರು 3 ಸಾವಿರಕ್ಕೂ ಹೆಚ್ಚು. ಸಮುದ್ರದಲ್ಲಿ ನೆಲದಲ್ಲಿ ಅಪಘಾತದಿಂದ, ರೋಗದಿಂದ ಸತ್ತವರನ್ನು ವಿವರವಾಗಿ ಬರೆಯುವುದು ಕಷ್ಟ.

ಆ 80 ಸಾವಿರದ ಮೇಲೆ ಸ್ವಲ್ಪ ನಿಲ್ಲೋಣ. 1598ರ ಸಾಚೊನ್ ಕದನದ ಬಗ್ಗೆ ಶಿಮಾಜು ಮನೆತನದ ದಾಖಲೆಯೇ 38,717 ತಲೆ ಎಂದು ಹೇಳುತ್ತದೆ. ಅದೂ ಉತ್ಪ್ರೇಕ್ಷೆ ಎಂಬುದು ಇತಿಹಾಸಕಾರರ ಅಭಿಪ್ರಾಯ, ಅಲ್ಲಿಗೆ ಬಂದಿದ್ದ ಮಿಂಗ್ ಸೈನ್ಯವೇ ಅಷ್ಟಿರಲಿಲ್ಲ. ಕಲ್ಲಿನಲ್ಲಿ ಸಂಖ್ಯೆ ದುಪ್ಪಟ್ಟಾಗಿದೆ. ಬುದ್ಧನಿಗೆ ಒಪ್ಪಿಸುವ ಲೆಕ್ಕವಾಗಿದ್ದರೆ ಏಕೆ ಹೆಚ್ಚಿಸಬೇಕು? ಇದು ಬಿರುದು. ವೀರಗಲ್ಲು, ದಾನಶಾಸನ ಓದಿ ಪಳಗಿದ ನಮ್ಮ ಕಣ್ಣಿಗೆ ಇಂಥ ದನಿ ಚೆನ್ನಾಗಿ ಗೊತ್ತು. ಒಂದು ಸಾಲು ಬುದ್ಧನ ಕಡೆ ತಿರುಗಿದೆ, ಇನ್ನೊಂದು ಸಾಲು ಜಪಾನಿನ ಇತರ ದೊರೆಗಳ ಕಡೆ ತಿರುಗಿದೆ.

ಇನ್ನೂ ಗಮನಿಸಬೇಕಾದದ್ದು ಕಲ್ಲು ಯಾರನ್ನು ಎಣಿಸಿಲ್ಲ ಎಂಬುದು. ಎಣಿಸಿರುವುದು ಮಿಂಗ್ ಸೈನಿಕರನ್ನು. ಯುದ್ಧ ನಡೆದದ್ದು ಕೊರಿಯಾದ ನೆಲದಲ್ಲಿ, ಸತ್ತ ಕೊರಿಯಾದ ರೈತರಿಗೆ, ಹೆಂಗಸರಿಗೆ, ಮಕ್ಕಳಿಗೆ ಇಲ್ಲಿ ಸಂಖ್ಯೆ ಇಲ್ಲ. ಪ್ರಾರ್ಥನೆ ಇರುವುದೂ 'ಸೈನಿಕ'ರಿಗೆ. ಅದೇ ಯುದ್ಧದಲ್ಲಿ ಕತ್ತರಿಸಿ ತಂದ ಮೂಗುಗಳನ್ನು ಹೂತ ದಿಬ್ಬ ಕ್ಯೋಟೋದಲ್ಲಿ ಇಂದಿಗೂ ಇದೆ. ಇದೇ ಶಿಮಾಜುಗಳು ಮರಳುವಾಗ ಕೊರಿಯಾದ ಕುಂಬಾರರನ್ನು ಸೆರೆಹಿಡಿದು ಸಾತ್ಸುಮಾಕ್ಕೆ ತಂದರು. ಮುಂದೆ ಜಗತ್ತಿಗೆಲ್ಲ ಹೆಸರಾದ ಸಾತ್ಸುಮಾ ಪಿಂಗಾಣಿ ಶುರುವಾದದ್ದು ಆ ಕೈಗಳಿಂದ. ಇದನ್ನೆಲ್ಲ ಹೇಳುವುದು ಕಲ್ಲು ಸುಳ್ಳು ಎಂದಲ್ಲ. ಶತ್ರುವಿಗೂ ಸದ್ಗತಿ ಕೋರಿದ್ದು ನಿಜ, ಆ ಕಾಲಕ್ಕೆ ಅದು ಸಣ್ಣ ಮಾತಲ್ಲ. ಆದರೆ ಕರುಣೆಯ ಸಾಲನ್ನು ಮಾತ್ರ ಓದಿ ಲೆಕ್ಕದ ಸಾಲನ್ನು ಬಿಟ್ಟರೆ ನಾವು ಶಾಸನ ಓದಿದಂತಾಗಲಿಲ್ಲ, ಶಿಮಾಜು ಓದಿಸಬೇಕೆಂದದ್ದನ್ನು ಓದಿದಂತಾಯಿತು.

ಪರದೇಶಿ ಕಲ್ಲು

ಒಕುನೊಇನ್‌ನಲ್ಲಿ ಇನ್ನೊಂದು ಕಲ್ಲಿದೆ. ನೋಡಿದರೆ ಇದಕ್ಕೆ ಇಲ್ಲೇನು ಕೆಲಸ ಅನ್ನಿಸುತ್ತದೆ. ಚೀನಾದ ಷಿಯಾನಿನಲ್ಲಿರುವ ನೆಸ್ಟೋರಿಯನ್ ಕ್ರೈಸ್ತರ ಪ್ರಸಿದ್ಧ ಶಾಸನದ ಪ್ರತಿ ಅದು. ಮೂಲ 781ರದ್ದು, ಚೀನೀ ಮತ್ತು ಸಿರಿಯಾಕ್ ಎರಡು ಲಿಪಿಗಳಲ್ಲಿದೆ. ಪ್ರತಿಯನ್ನು 1911ರಲ್ಲಿ ಇಲ್ಲಿ ನಿಲ್ಲಿಸಿದವರು ಎಲಿಜಬೆತ್ ಆನ್ನಾ ಗಾರ್ಡನ್ ಎಂಬ ಬ್ರಿಟಿಷ್ ಮಹಿಳೆ. ಬೌದ್ಧ ಮತ್ತು ಕ್ರೈಸ್ತ ಧರ್ಮಗಳ ಬೇರು ಒಂದೇ ಎಂಬುದು ಆಕೆಯ ವಾದವಾಗಿತ್ತು. ಆ ವಾದವನ್ನು ಇಂದಿನ ವಿದ್ವಾಂಸರು ಒಪ್ಪುವುದಿಲ್ಲ.

ಆದರೂ ಕಲ್ಲು ಸರಿಯಾದ ಊರಿಗೇ ಬಂದಿದೆ ಅನ್ನಬೇಕು. ಮೂಲ ಶಾಸನವನ್ನು ರಚಿಸಿದವನು ಜಿಂಗ್‌ಜಿಂಗ್, ಸಿರಿಯಾಕ್ ಹೆಸರು ಆದಾಮ್. ಚಾಂಗಾನಿನಲ್ಲಿ ಒಬ್ಬ ಬೌದ್ಧ ಭಿಕ್ಷುವಿನ ಜೊತೆ ಕೂತು ಷಟ್ಪಾರಮಿತಾ ಸೂತ್ರವನ್ನು ಚೀನೀ ಭಾಷೆಗೆ ತರಲು ಅವನು ಕೈಹಾಕಿದ್ದನೆಂದು ಆ ಕಾಲದ ಬೌದ್ಧ ಗ್ರಂಥಸೂಚಿಯೊಂದು ದಾಖಲಿಸಿದೆ. ಅನುವಾದ ಚಕ್ರವರ್ತಿಗೆ ಒಪ್ಪಿಗೆಯಾಗಲಿಲ್ಲ, ಆ ಭಿಕ್ಷು ಮತ್ತೊಮ್ಮೆ ಮಾಡಬೇಕಾಯಿತು. ಆ ಭಿಕ್ಷು ಬೇರೆ ಯಾರೂ ಅಲ್ಲ, ಪ್ರಜ್ಞ. ಕೂಕಾಯ್‌ಗೆ ಸಂಸ್ಕೃತ ಕಲಿಸಿದ ಅದೇ ಗುರು. ಗಾರ್ಡನ್ ಹೇಳಿದ ಧರ್ಮಗಳ ಬೇರು ಇರಲಿ ಬಿಡಿ. ಭಾರತದ ಕಡೆಯ ಭಿಕ್ಷು, ಸಿರಿಯಾಕ್ ಬಲ್ಲ ಪಾದ್ರಿ, ಜಪಾನಿನ ಶಿಷ್ಯ ಒಂದೇ ಊರಿನ ಬೀದಿಗಳಲ್ಲಿ ಓಡಾಡಿದ್ದರು ಎಂಬುದು ದಾಖಲೆಯಲ್ಲಿರುವ ಸಂಗತಿ. ನನಗೆ ಅದೇ ಹೆಚ್ಚು ಬೆರಗು.

ಹೆಸರು ಅಳಿದ ಕಲ್ಲುಗಳು

ಕಲ್ಲು ನಿಲ್ಲಿಸುವುದು ಇಲ್ಲಿ ನಿಂತಿಲ್ಲ. ಇತ್ತೀಚಿನ ಭಾಗದಲ್ಲಿ ಕಂಪನಿಗಳು ತಮ್ಮ ನೌಕರರಿಗಾಗಿ ನಿಲ್ಲಿಸಿದ ಸ್ಮಾರಕಗಳಿವೆ. ಒಂದು ರಾಕೆಟ್ಟಿನ ಆಕಾರದಲ್ಲಿದೆ. ಗೆದ್ದಲು ನಿವಾರಣೆ ಮಾಡುವವರ ಸಂಘ ತಾವು ಕೊಂದ ಗೆದ್ದಲುಗಳಿಗಾಗಿ ಒಂದು ಕಲ್ಲು ನಿಲ್ಲಿಸಿದೆ, ನೆಮ್ಮದಿಯಿಂದ ನಿದ್ರಿಸಿ ಎಂದು ಅದರ ಮೇಲಿದೆ. ನಗು ಬರಬಹುದು. ಆದರೆ ಶಿಮಾಜು ಕಲ್ಲಿನ ಜೊತೆ ಇಟ್ಟು ನೋಡಿ. ಈ ಸಂಘ ಎಷ್ಟು ಕೊಂದೆವೆಂದು ಲೆಕ್ಕ ಬರೆದುಕೊಂಡಿಲ್ಲ.

ಇವೆಲ್ಲಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು 'ಮುಯೆನ್‌ಬೊತೊಕೆ'ಗಳ ಗುಡ್ಡ. ಮುಯೆನ್ ಎಂದರೆ ಸಂಬಂಧ ಇಲ್ಲದವರು, ಎಡೆ ಇಡಲು ಯಾರೂ ಉಳಿಯದ ಸತ್ತವರು. ವಂಶ ಮುಗಿದ, ಹೆಸರು ಸವೆದ ಸಣ್ಣ ಗೊರಿಂತೊಗಳನ್ನು, ಜಿಜೊ ಮೂರ್ತಿಗಳನ್ನು ಒಟ್ಟುಗೂಡಿಸಿ ಮೆಟ್ಟಿಲುಮೆಟ್ಟಿಲಾಗಿ ಪೇರಿಸಿದ್ದಾರೆ. ಹಲವು ಒಂದೇ ಕಲ್ಲಿನಲ್ಲಿ ಐದು ಆಕಾರ ಕಡೆದವು, ಮೊಣಕಾಲೆತ್ತರದವು. ದೊರೆಗಳ ಹಾಗೆ ಐದು ಬೇರೆ ಕಲ್ಲು ತರಿಸಲು ಆಗದ ಸಾಮಾನ್ಯರ ಸ್ಮಾರಕಗಳು ಇವು. ಪೃಥ್ವಿಯ ಭಾಗದಲ್ಲಿದ್ದ ಹೆಸರು ಕೈಗೆ ಸಿಗುವುದಿಲ್ಲ. ಮೇಲೆ ಅಲ್ಲೊಂದು ಇಲ್ಲೊಂದು ರ, ವ, ಅ ಮಾತ್ರ ಬೆರಳಿಗೆ ತಗಲುತ್ತದೆ.

ಯಾವ ಶಾಸನ ಸಂಪುಟಕ್ಕೂ ಇವು ಬರುವುದಿಲ್ಲ. ಪಾಠ ಇಲ್ಲ, ಕಾಲ ಇಲ್ಲ, ದಾನಿ ಇಲ್ಲ. ನಮ್ಮ ಲೆಕ್ಕದಲ್ಲಿ ಇದು ನಷ್ಟ. ಆದರೆ ಅದನ್ನು ನಿಲ್ಲಿಸಿದ ರೈತನ, ವಿಧವೆಯ ಲೆಕ್ಕದಲ್ಲಿ ಕಲ್ಲಿನ ಕೆಲಸ ಕೆಟ್ಟಿಲ್ಲ. ಅವರು ಬರೆಸಿದ್ದು ನಮಗಲ್ಲ. ಐದಕ್ಷರ ಗೊತ್ತಿರುವವನೊಬ್ಬ ಮುಂದೆ ಎದ್ದು ಬಂದಾಗ ಓದಿಕೊಳ್ಳಲಿ ಎಂದು.

ಹಾಗಾಗಿ ಈ ಊರಿನ ಕಲ್ಲುಗಳನ್ನು ಒಂದೇ ಅಳತೆಯಲ್ಲಿ ಅಳೆಯಲಾಗದು. ಚೋಯಿಶಿ ದೇವತೆಯ ಎದುರು ನಿಂತಿದೆ, ಶಿಮಾಜು ಕಲ್ಲು ಬುದ್ಧನಿಗೂ ದೊರೆಗಳಿಗೂ ಒಟ್ಟಿಗೆ ಮಾತಾಡಿದೆ, ಗಾರ್ಡನ್ ನಿಲ್ಲಿಸಿದ್ದು ತನ್ನ ಕಾಲದ ವಿದ್ಯಾವಂತರಿಗೆ, ಸಣ್ಣ ಗೊರಿಂತೊ ಇನ್ನೂ ಬಾರದವನಿಗೆ. ಪಾಠ ಓದುವ ಮೊದಲು ಕಲ್ಲು ಯಾವ ಕಡೆ ಮುಖ ಮಾಡಿದೆ ಎಂದು ನೋಡಿಕೊಂಡರೆ ಉತ್ಪ್ರೇಕ್ಷೆ ಎಲ್ಲಿದೆ, ಮೌನ ಎಲ್ಲಿದೆ ಎಂಬುದು ತಾನಾಗಿ ಕಾಣುತ್ತದೆ. ಮುಂದಿನ ಸಲ ನಿಮ್ಮೂರ ಕೆರೆ ಏರಿಯ ಮೇಲೆ, ಹೊಲದ ಬದುವಿನಲ್ಲಿ ಒಂದು ಕಲ್ಲು ಸಿಕ್ಕರೆ ಇದನ್ನು ಪ್ರಯತ್ನಿಸಿ ನೋಡಿ. ಅಕ್ಷರ ಸವೆದು ಹೋಗಿದ್ದರೂ ಪರವಾಗಿಲ್ಲ, ಅದು ಯಾವ ದಿಕ್ಕಿಗೆ ನಿಂತಿದೆ, ಯಾರ ಕಣ್ಣಿಗೆ ಬೀಳುವಂತಿದೆ ಎಂದು ಬರೆದಿಟ್ಟುಕೊಳ್ಳಿ. ಅದೂ ಶಾಸನದ ಪಾಠವೇ.